ಗಾಳಿಕೂರಿಗೆಯ ಪಿನ್ನಕ್ಕ

ಅವಳನ್ನು ಪಿನ್ನಕ್ಕ ಅಂತ ಮೊದಲು ಕರೆದದ್ದು ಗ್ಯಾರೇಜಿನ ಮೆಕ್ಯಾನಿಕ್ಕು, ಅದೂ ಗೇಲಿಗೆ. ಗಾಳಿಕೂರಿಗೆಯನ್ನು ಶೆಡ್ಡಿನಿಂದ ಹೊರಗೆ ಎಳೆಯುವ ಮುಂಚೆ ಅವಳು ಅದರ ಸುತ್ತ ಬಗ್ಗಿ, ಎದ್ದು, ಮುಟ್ಟಿ, ಅಲ್ಲಾಡಿಸಿ ನೋಡುವುದನ್ನು ಕಂಡು, "ಹೊಸ ಮದುಮಗಳನ್ನೂ ಯಾರೂ ಇಷ್ಟು ಸುತ್ತಿ ಸುತ್ತಿ ನೋಡಲ್ಲ ಬಿಡಿ" ಅಂದಿದ್ದ. ಆಮೇಲೆ ಒಂದು ದಿನ ರೆಕ್ಕೆಯ ಪಿನ್ನು ಹಾಕಿಲ್ಲ ಅಂತ ಅವನನ್ನೇ ಯಂತ್ರದ ಅಡಿಯಿಂದ ಕಾಲು ಹಿಡಿದು ಎಳೆದು ಹಾಕಿದಳು. ಅವತ್ತಿನಿಂದ ಅವನ ಬಾಯಲ್ಲಿ ಅವಳು ಪಿನ್ನಕ್ಕ. ಒಂದು ಹಂಗಾಮು ಕಳೆಯುವುದರೊಳಗೆ ಇಡೀ ಜಮೀನಿನ ಬಾಯಲ್ಲಿ ಪಿನ್ನಕ್ಕ. ಮನೆಯಲ್ಲಿ ಬಟ್ಟೆ ಹೊಲಿಯುವ ಗಂಡ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದ. ಸಿಟ್ಟು ಇಳಿದ ಮೇಲೂ ಕೆಲವು ಸಲ.

ಕಂಪನಿಯ ಜಮೀನು ಅದು. ಒಂದು ಅಂಚಿನಲ್ಲಿ ನಿಂತರೆ ಇನ್ನೊಂದು ಅಂಚು ಕಾಣದಷ್ಟು ದೊಡ್ಡದು. ಅಲ್ಲಿಗೆ ಎತ್ತಿನ ಕೂರಿಗೆ ಸಾಲುವುದಿಲ್ಲ, ಸಣ್ಣ ಟ್ರ್ಯಾಕ್ಟರಿನ ಕೂರಿಗೆಯೂ ಸಾಲುವುದಿಲ್ಲ. ಗಾಳಿಕೂರಿಗೆ ಅಂದರೆ ಹಳೆಯ ಕೂರಿಗೆಯ ದೊಡ್ಡಣ್ಣ ಅನ್ನಿ. ಹಿಂದೆ ಕೋಣೆಯಷ್ಟು ದೊಡ್ಡ ಬೀಜದ ತೊಟ್ಟಿ. ಅದರ ಬುಡದಲ್ಲಿ ಒಂದು ಫ್ಯಾನು. ಫ್ಯಾನಿನ ಗಾಳಿ ಬೀಜವನ್ನು ಎತ್ತಿಕೊಂಡು ಹೋಗಿ, ಆನೆ ಸೊಂಡಿಲಿನಂಥ ಪೈಪುಗಳಲ್ಲಿ ಹಂಚಿ, ಸಾಲು ಸಾಲಾಗಿ ನಿಂತ, ಮಣ್ಣು ಸೀಳುವ ಕುಳಗಳ ಹಿಂದೆ ಮಣ್ಣಿಗೆ ಇಳಿಸುತ್ತದೆ. ಕುಳಗಳ ಚೌಕಟ್ಟಿಗೆ ಎರಡು ಕಡೆ ರೆಕ್ಕೆ. ರಸ್ತೆಯಲ್ಲಿ ಹೋಗುವಾಗ ರೆಕ್ಕೆ ಮೇಲೆತ್ತಿ ಮಡಚಬೇಕು, ಹೊಲಕ್ಕೆ ಬಂದ ಮೇಲೆ ಬಿಚ್ಚಬೇಕು. ಮಡಚಿದ ರೆಕ್ಕೆಯನ್ನು ಹಿಡಿದಿರುವುದು ಹೈಡ್ರಾಲಿಕ್ ಎಣ್ಣೆ. ಎಣ್ಣೆಯನ್ನು ನಂಬಿದವನು ಕೆಟ್ಟ. ಅದಕ್ಕೇ ಹೆಬ್ಬೆರಳಿನ ಎರಡರಷ್ಟು ದಪ್ಪದ ಕಬ್ಬಿಣದ ಪಿನ್ನು ತೂರಿಸಿ ರೆಕ್ಕೆಯನ್ನು ಕಟ್ಟಿಹಾಕಬೇಕು.

ಇದನ್ನೆಲ್ಲ ಅವಳಿಗೆ ಕಲಿಸಿದವನು ಅಲ್ಲಿ ಹಿಂದೆ ಚಾಲಕನಾಗಿದ್ದ ಒಬ್ಬ ಮುದುಕ. ಬಲಗೈಯಲ್ಲಿ ಅವನಿಗೆ ಹೆಬ್ಬೆರಳು, ಕಿರುಬೆರಳು ಎರಡೇ. ಉಳಿದವು ಬೀಜ ಅಳೆಯುವ ಉರುಳೆಗೆ ಹೋಗಿದ್ದವು. ಅಪ್ಪ ಇಲ್ಲದ, ಅವ್ವನೂ ಆಗಷ್ಟೇ ತೀರಿಕೊಂಡಿದ್ದ, ಚಿಕ್ಕ ತಂಗಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಚೀಲ ಹೊಲಿಯುವ ಕೆಲಸಕ್ಕೆ ಬಂದ ಹುಡುಗಿಯಲ್ಲಿ ಅವನಿಗೆ ಏನು ಕಂಡಿತೋ, ಟ್ರ್ಯಾಕ್ಟರಿಗೆ ಹತ್ತಿಸಿದ. ಹೆಂಗಸಿಗೆ ಯಾಕಪ್ಪ ಇದು ಅಂದವರಿಗೆ, ಗಂಡಸರಿಗೆ ಕಲಿಸಿ ಕಲಿಸಿ ಸಾಕಾಗಿದೆ, ಅವರಿಗೆ ಎಲ್ಲಾ ಹುಟ್ಟುವಾಗಲೇ ಗೊತ್ತಿರುತ್ತದೆ ಅಂದನಂತೆ. ಅವನು ಸತ್ತ ಮೇಲೆ ಆ ಸೀಟು ಅವಳದಾಯಿತು.

ಅವಳ ಬೆಳಗು ಹೀಗಿರುತ್ತಿತ್ತು. ಮೊದಲು ಕೊಂಡಿ. ಟ್ರ್ಯಾಕ್ಟರಿಗೂ ಕೂರಿಗೆಗೂ ನಡುವಿನ ಕೊಂಡಿಯಲ್ಲಿ ಪಿನ್ನು ಕೂತಿದೆಯೇ, ಪಿನ್ನಿಗೆ ಕ್ಲಿಪ್ಪು ಇದೆಯೇ, ಕೊಂಡಿ ಕಳಚಿದರೂ ಕೈಬಿಡದ ಸರಪಳಿ ಬಿಗಿದಿದೆಯೇ. ಆಮೇಲೆ ಚಕ್ರದ ನಟ್ಟು, ಗಾಳಿ. ಆಮೇಲೆ ಪೈಪುಗಳು. ಒಂದೊಂದನ್ನೂ ಹಿಡಿದು ಜಗ್ಗುತ್ತಿದ್ದಳು, ಇಲಿ ಕಡಿದಿದೆಯೇ ಅಂತ ಬೆರಳಾಡಿಸುತ್ತಿದ್ದಳು. ತೊಟ್ಟಿಯ ಮುಚ್ಚಳ ತೆಗೆಯಬೇಕಾದರೆ ಫ್ಯಾನು ಪೂರ್ತಿ ನಿಂತು, ಒಳಗಿನ ಗಾಳಿ ಉಸ್ಸೆಂದು ಹೊರಟುಹೋಗುವ ತನಕ ಯಾರನ್ನೂ ಏಣಿ ಹತ್ತಗೊಡುತ್ತಿರಲಿಲ್ಲ. ಔಷಧ ಹಚ್ಚಿದ ಬೀಜ ಗುಲಾಬಿ ಬಣ್ಣದ್ದು, ನೋಡುವುದಕ್ಕೆ ಮಿಠಾಯಿ. ಕೈಗವಸು, ಮೂಗಿಗೆ ಮುಸುಕು ಇಲ್ಲದೆ ಚೀಲ ಬಿಚ್ಚಿದವರಿಗೆ ಅವಳ ಬಾಯಿಂದ ಬೀಳುವ ಮಾತು ಔಷಧಕ್ಕಿಂತ ಕಹಿ. ಹೊಲದಲ್ಲಿ ರೆಕ್ಕೆ ಬಿಚ್ಚುವ ಮುಂಚೆ ತಲೆಯೆತ್ತಿ ಕರೆಂಟಿನ ತಂತಿ ನೋಡುವುದು, ಇಳಿದು ಒಂದು ಸುತ್ತು ನಡೆದು ಯಾರೂ ಇಲ್ಲ ಅಂತ ಕಣ್ಣಾರೆ ಕಾಣುವುದು, ಯಂತ್ರಕ್ಕೆ ಕೈ ಹಾಕುವಾಗ ಕೀಲಿಯನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು. ಇದರಲ್ಲಿ ಒಂದನ್ನೂ ಅವಳು ಒಂದು ದಿನವೂ ತಪ್ಪಿಸಿದ್ದಿಲ್ಲ.

ತಪ್ಪಿಸಿದ್ದು ಒಂದೇ. ಸದ್ದು ತಡೆಯಲು ಕಿವಿಗೆ ಹಾಕಿಕೊಳ್ಳುವುದಕ್ಕೆ ಕಂಪನಿ ಎರಡು ಬಟ್ಟಲಿನಂಥದು ಕೊಟ್ಟಿತ್ತು. ಅದು ಸೀಟಿನ ಹಿಂದೆ ಮೊಳೆಗೆ ನೇತುಬಿದ್ದು ಧೂಳು ತಿನ್ನುತ್ತಿತ್ತು. ಟ್ರ್ಯಾಕ್ಟರು ಹಳೆಯದು, ಮೇಲೆ ಬರೀ ಒಂದು ಚಾವಣಿ, ಗಾಜಿನ ಗೂಡಿಲ್ಲ. ಬೆನ್ನ ಹಿಂದೆ ಫ್ಯಾನು ದಿನವಿಡೀ ಕಿರುಚುತ್ತಿತ್ತು. ಅವಳಿಗೆ ಆ ಕಿರುಚಾಟ ಬೇಕಿತ್ತು. ಪೈಪು ಕಟ್ಟಿಕೊಂಡರೆ ಸದ್ದು ಒಂಚೂರು ದಪ್ಪವಾಗುತ್ತದೆ, ತೊಟ್ಟಿ ಬರಿದಾಗುತ್ತ ಬಂದರೆ ಸಣ್ಣಗಾಗುತ್ತದೆ. ಕಿವಿ ಮುಚ್ಚಿಕೊಂಡು ಬಿತ್ತುವುದೂ ಒಂದೇ, ಕಣ್ಣು ಮುಚ್ಚಿಕೊಂಡು ಬಿತ್ತುವುದೂ ಒಂದೇ ಅನ್ನುತ್ತಿದ್ದಳು.

ತಂಗಿ ದೊಡ್ಡವಳಾಗಿ ಅದೇ ಜಮೀನಿನಲ್ಲಿ ತೊಟ್ಟಿಗೆ ಬೀಜ ತುಂಬುವ ಕೆಲಸಕ್ಕೆ ಸೇರಿದಳು. ಮದುವೆ ಬೇಡ ಅಂದವಳು, ಅಕ್ಕನ ಮನೆಯಲ್ಲೇ ಉಳಿದಳು. ಮಾತಿನ ಮಲ್ಲಿ. ಅವಳ ಬಾಯಿಗೆ ಬಿಡುವೇ ಇಲ್ಲ ಅಂತ ಜನ ರೇಡಿಯೋ ಅನ್ನುತ್ತಿದ್ದರು. ಕಂಪನಿಯ ಸಾಲುಮನೆಗಳಲ್ಲಿ ಕೊನೆಯದು ಅವರದು. ಮುಂದಿನ ಕೋಣೆಯಲ್ಲಿ ಭಾವನ ಹೊಲಿಗೆ ಯಂತ್ರ, ಹಿಂದೆ ಒಲೆ, ನಡುವೆ ಒಂದು ಕಿಟಕಿ. ಮೂವರೂ ಊಟಕ್ಕೆ ಕೂತರೆ ತಂಗಿ ಮಾತಾಡುವುದು, ದರ್ಜಿ ನಗುವುದು, ಪಿನ್ನಕ್ಕ ಬಡಿಸುವುದು. ಮಕ್ಕಳಿರಲಿಲ್ಲ. ಇಲ್ಲ ಅನ್ನುವುದು ಗೊತ್ತಾಗದಷ್ಟು ಸದ್ದು ಆ ಮನೆಯಲ್ಲಿತ್ತು.

ಆ ಸದ್ದು ಯಾವಾಗ ಕಡಿಮೆಯಾಯಿತು ಅಂತ ಅವಳಿಗೆ ಹೇಳಲಾಗುತ್ತಿರಲಿಲ್ಲ. ಮೊದಲು ಹೋದದ್ದು ಹೊಲಿಗೆ ಯಂತ್ರದ ಟಕಟಕ. ಗಂಡ ಕೆಲಸ ಬಿಟ್ಟು ಸುಮ್ಮನೆ ಕೂತಿದ್ದಾನೆ ಅಂದುಕೊಂಡು ಹೋಗಿ ನೋಡಿದರೆ ಅವನ ಕಾಲು ಆಡುತ್ತಲೇ ಇತ್ತು. ಆಮೇಲೆ ಮಾತಿನ ತುದಿಗಳು ಹೋದವು. ಒಂದು ದಿನ ಇಬ್ಬರೂ ಹೊಲಕ್ಕೆ ಹೊರಟಾಗ ತಂಗಿ ಹಿಂದಿನಿಂದ, ಬೀಗ ಹಾಕಿದೆಯಾ ಅಂತ ಕೇಳಿದಳು. ಪಿನ್ನಕ್ಕ ತಿರುಗದೆ, "ನಿನ್ನೆ ಸಂಜೆಗೇ ಮುಗೀತಲ್ಲ, ಎಲ್ಲಾ ಸಾಲಿಗೂ ಹಾಕಿದೀನಿ" ಅಂದಳು. ತಂಗಿ ದಾರಿಯಲ್ಲೇ ಹೊಟ್ಟೆ ಹಿಡಿದುಕೊಂಡು ಕೂತು ನಕ್ಕಳು. ಬೀಗ ಅಂದರೆ ಬೀಜ ಅನ್ನುತ್ತೀಯಲ್ಲೇ, ಮನೆಗೆ ಬೀಜ ಹಾಕಿ ಬಂದೆಯಾ ಅಂತ ದಿನವಿಡೀ ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ಪಿನ್ನಕ್ಕನೂ ನಕ್ಕಳು.

ಮುಂದಿನ ಹಂಗಾಮಿನಲ್ಲಿ ರಸ್ತೆಯ ಪಕ್ಕದ ಹೊಲದಲ್ಲಿ ಮೊಳಕೆ ಬಂದಾಗ ನಡುವೆ ನಾಲ್ಕು ಸಾಲು ಬೋಳು. ಉದ್ದಕ್ಕೂ ಬೋಳು, ಬೈತಲೆ ತೆಗೆದ ಹಾಗೆ. ಆ ನಾಲ್ಕು ಸಾಲಿಗೆ ಬೀಜ ಒಯ್ಯುವ ಪೈಪುಗಳ ಗೊಂಚಲು ಕಟ್ಟಿಕೊಂಡಿತ್ತು, ಫ್ಯಾನಿನ ಸದ್ದು ಬದಲಾಗಿದ್ದಿರಬೇಕು, ಅವಳಿಗೆ ತಿಳಿದಿರಲಿಲ್ಲ. ಮ್ಯಾನೇಜರು ಬೈಯಲಿಲ್ಲ, ಎಲ್ಲರಿಗೂ ಆಗುವುದೇ ಅಂದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಅಲ್ಲಿಂದ ಅವಳು ಕಿವಿ ಮಾಡುವ ಕೆಲಸವನ್ನು ಮೈಗೆ ಹಂಚಿದಳು. ಸೀಟಿನ ನಡುಕ ತೊಡೆಗೆ, ಸ್ಟೇರಿಂಗಿನ ನಡುಕ ಅಂಗೈಗೆ. ಹೊಲದ ಪ್ರತಿ ತಿರುವಿನಲ್ಲಿ ಇಳಿದು ಕುಳಗಳ ಹಿಂದೆ ಮಣ್ಣು ಕೆದಕಿ ಬೀಜ ನೋಡುತ್ತಿದ್ದಳು. ಜನರೊಂದಿಗೆ ಮಾತಾಡುವಾಗ ತಾನೇ ಮೊದಲು ಮಾತು ಶುರುಮಾಡುತ್ತಿದ್ದಳು. ಮಾತು ತನ್ನದಾದರೆ ಉತ್ತರ ಊಹಿಸುವುದು ಸುಲಭ. ಗುಂಪಿನಲ್ಲಿ ಎಲ್ಲರೂ ನಕ್ಕಾಗ ನಗುತ್ತಿದ್ದಳು, ಒಂದು ಗಳಿಗೆ ತಡವಾಗಿ. ವೈದ್ಯರ ಬಳಿ ಹೋಗಲಿಲ್ಲ. ಹೋದರೆ ಗೊತ್ತಾಗಿಬಿಡುತ್ತದೆ, ಗೊತ್ತಾದ ಮೇಲೆ ಗೊತ್ತಿಲ್ಲದ ಹಾಗೆ ಇರಲಾಗುವುದಿಲ್ಲ. ಮನೆಯಲ್ಲಿ ದರ್ಜಿಗೆ, ಇವಳಿಗೆ ಜಂಬ ಬಂದಿದೆ, ಕರೆದರೆ ಓಗೊಡುವುದಿಲ್ಲ ಅಂತ ಬೇಸರ. ಎರಡು ಸಲ ಕರೆದು ಸುಮ್ಮನಾಗುತ್ತಿದ್ದ. ಬರಬರುತ್ತ ಒಂದೇ ಸಲ ಕರೆದು ಸುಮ್ಮನಾದ. ಆಮೇಲೆ ಕರೆಯುವುದನ್ನೇ ಬಿಟ್ಟ.

ತಂಗಿ ಮಾತ್ರ ಬದಲಾಗಿದ್ದಳು. ತೊಟ್ಟಿ ತುಂಬಿದ ಮೇಲೆ ಆಯ್ತು ಅಂತ ಕೂಗುತ್ತಿದ್ದವಳು ಈಗ ಟ್ರ್ಯಾಕ್ಟರಿನ ಮುಂದೆ ಬಂದು ನಿಂತು ಕೈಯೆತ್ತಿ ತೋರಿಸುತ್ತಿದ್ದಳು. ಫ್ಯಾನಿನ ಸದ್ದು ಒಂದು ಥರ ಆದರೆ ಕನ್ನಡಿಯಲ್ಲಿ ಕಾಣುವ ಕಡೆ ಓಡಿಬಂದು ಪೈಪಿನತ್ತ ಬೆರಳು ಮಾಡುತ್ತಿದ್ದಳು. ಊಟಕ್ಕೆ ಕೂತಾಗ ಪಕ್ಕಕ್ಕೆ ಕೂರುವ ಬದಲು ಎದುರಿಗೆ ಕೂರುತ್ತಿದ್ದಳು. ಹುಡುಗಿಗೆ ಕೊನೆಗೂ ಕೆಲಸದಲ್ಲಿ ಶಿಸ್ತು ಬಂತು ಅಂದುಕೊಂಡಳು ಪಿನ್ನಕ್ಕ.

ಆ ದಿನ ಮಧ್ಯಾಹ್ನ ಮೋಡ ಕವಿದಿತ್ತು. ಮಳೆ ಬಿದ್ದರೆ ಮಣ್ಣು ಅಂಟಾಗಿ ಕೂರಿಗೆ ಹೊಲಕ್ಕೆ ಇಳಿಯುವುದಿಲ್ಲ, ಅದಕ್ಕೆ ಮುಂಚೆ ದೊಡ್ಡ ಹೊಲ ಮುಗಿಸಬೇಕಿತ್ತು. ಆದರೂ ಅವಳು ಒಂದನ್ನೂ ಬಿಡಲಿಲ್ಲ. ಹೊಲದ ಬಾಯಲ್ಲಿ ನಿಲ್ಲಿಸಿ ಮೇಲೆ ನೋಡಿದಳು, ತಂತಿ ಇರಲಿಲ್ಲ. ಇಳಿದು ಎರಡೂ ರೆಕ್ಕೆಯ ಪಿನ್ನು ಎಳೆದು ತೆಗೆದು, ತೆಗೆದ ಪಿನ್ನು ಇಡುವ ತೂತಿಗೆ ಸಿಕ್ಕಿಸಿದಳು. ಒಂದು ಸುತ್ತು ನಡೆದಳು. ತಂಗಿ ದೂರದಲ್ಲಿ ಬೀಜದ ಲಾರಿಯ ಹತ್ತಿರ ಖಾಲಿ ಚೀಲ ಮಡಚುತ್ತಿದ್ದಳು. ಲಾರಿಯವನು ನೆರಳಿನಲ್ಲಿ ಕೂತಿದ್ದ. ಯಾರೂ ಇಲ್ಲ. ಪಿನ್ನಕ್ಕ ಹತ್ತಿ ಕೂತಳು. ಕೀಲಿ ಹಾಕಿ ಹಚ್ಚಿದ ಎಂಜಿನ್ನು ನಿಧಾನಕ್ಕೆ ಓಡುತ್ತಿತ್ತು. ಫ್ಯಾನು ಇನ್ನೂ ಹಾಕಿರಲಿಲ್ಲ.

ಅಷ್ಟರಲ್ಲಿ ತಂಗಿಯ ಕಣ್ಣಿಗೆ ಎಡರೆಕ್ಕೆಯ ಒಂದು ಪೈಪು ಬಾಯಿ ಕಳಚಿ ಜೋತಾಡುವುದು ಕಂಡಿತು. ರೆಕ್ಕೆ ಇಳಿದರೆ ಅದು ಕೀಲಿನಲ್ಲಿ ಸಿಕ್ಕಿ ಹರಿಯುತ್ತದೆ, ಹೊಸದು ಬರುವ ತನಕ ಬಿತ್ತನೆ ನಿಲ್ಲುತ್ತದೆ. ಒಂದು ಗಳಿಗೆಯ ಕೆಲಸ, ತೂರಿಸಿಬಿಟ್ಟರೆ ಆಯಿತು. "ಅಕ್ಕಾ, ತಡಿ, ಪೈಪು ಕಳಚಿದೆ" ಅಂತ ಕೂಗುತ್ತ ಓಡಿ ರೆಕ್ಕೆಯ ಕೆಳಗೆ ನುಗ್ಗಿದಳು. ತೊಟ್ಟಿಯ ಹಿಂದಿನ ಆ ಮೂಲೆ ಯಾವ ಕನ್ನಡಿಗೂ ಕಾಣುವುದಿಲ್ಲ. ಪಿನ್ನಕ್ಕ ಲಿವರ್ ಒತ್ತಿದಳು.

ರೆಕ್ಕೆ ದೊಪ್ಪೆಂದು ಬೀಳುವುದಿಲ್ಲ. ದೊಡ್ಡ ಬಾಗಿಲು ಮುಚ್ಚಿಕೊಂಡ ಹಾಗೆ ನಿಧಾನಕ್ಕೆ ಇಳಿಯುತ್ತದೆ. ತಪ್ಪಿಸಿಕೊಳ್ಳಲು ಹೊತ್ತಿರುತ್ತದೆ. ಆದರೆ ತಂಗಿಯ ಕಾಲು ಚೌಕಟ್ಟಿನ ಎರಡು ಪಟ್ಟಿಗಳ ನಡುವೆ ಸಿಕ್ಕಿಕೊಂಡಿತ್ತು, ಬೂಟು ಕಳಚಲಿಲ್ಲ. ರೆಕ್ಕೆ ಇಳಿಯುವಷ್ಟು ಹೊತ್ತೂ ಅವಳು ಕೂಗುತ್ತಲೇ ಇದ್ದಳು. ಲಾರಿಯವನು ಕೇಳಿಸಿಕೊಂಡು ಚೀಲಗಳ ಮೇಲೆ ಹಾರಿ, ಎರಡೂ ಕೈ ಬೀಸುತ್ತ ಟ್ರ್ಯಾಕ್ಟರಿನ ಮುಂದೆ ಬಂದು ಬಿದ್ದ. ಅವನ ಬಾಯಿ ತೆರೆದಿರುವುದನ್ನು ನೋಡಿ ಪಿನ್ನಕ್ಕ ಲಿವರ್ ಬಿಟ್ಟಳು.

ಮೊಣಕಾಲಿನ ಕೆಳಗೆ ಏನೂ ಉಳಿಸಲಾಗಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನು ಹೇಳುವಾಗ ಪಿನ್ನಕ್ಕ ಅವರ ತುಟಿಗಳನ್ನೇ ನೋಡುತ್ತಿದ್ದಳು, ಅರ್ಥವಾದದ್ದು ಅವರ ಕೈ ತಮ್ಮದೇ ಕಾಲಿನ ಮೇಲೆ ಗೆರೆ ಎಳೆದಾಗ.

ಮ್ಯಾನೇಜರು ವಿಚಾರಣೆ ಮಾಡಿದರು. ಮೆಕ್ಯಾನಿಕ್ಕು ಪಿನ್ನುಗಳನ್ನು ಪರೀಕ್ಷಿಸಿದ, ಎಲ್ಲವೂ ಇರಬೇಕಾದ ಕಡೆ ಇದ್ದವು. ಸುತ್ತು ನಡೆದದ್ದನ್ನು ಲಾರಿಯವನು ನೋಡಿದ್ದ. ಪಿನ್ನು ತೆಗೆದ ರೆಕ್ಕೆಯ ಕೆಳಗೆ ಹೋದದ್ದು ತಂಗಿಯ ತಪ್ಪು ಅಂತ ತೀರ್ಮಾನವಾಯಿತು. ಪಿನ್ನಕ್ಕನ ಮೇಲೆ ಬೆರಳು ತೋರಿಸಿದವರು ಒಬ್ಬರೂ ಇಲ್ಲ. ಇವಳಂಥ ಎಚ್ಚರದವಳ ಕೈಯಲ್ಲೂ ಹೀಗಾಗುತ್ತದೆ ಅಂದರೆ ಹಣೆಬರಹ ಅಂದರು. ಎಂಜಿನ್ನಿನ ಸದ್ದಿನಲ್ಲಿ ಯಾರಿಗೆ ತಾನೇ ಕೂಗು ಕೇಳಿಸುತ್ತದೆ ಅಂದರು. ಲಾರಿಯವನು ಮಾತ್ರ, ಕೆಟ್ಟ ಮನಸ್ಸಿನಿಂದಲ್ಲ, ತನಗೆ ಹೊಲದಾಚೆ ಕೂಡ ಕೇಳಿಸಿತಪ್ಪ, ಇನ್ನೂ ಕಿವಿಯಲ್ಲೇ ಇದೆ ಅಂದ. ಆ ಮಾತನ್ನು ಯಾರೂ ಹಿಡಿದುಕೊಳ್ಳಲಿಲ್ಲ. ಪಿನ್ನಕ್ಕನಿಗೆ ಅದು ಕೇಳಿಸಿರಲಿಲ್ಲ. ದರ್ಜಿ ರಾತ್ರಿ ಊಟದ ಹೊತ್ತಿಗೆ ಎದುರು ಕೂತು, ದೀಪದ ಬೆಳಕಿನಲ್ಲಿ, ನಿಧಾನವಾಗಿ ಹೇಳಿದ. ಹೇಳಿ ಅವಳ ಮುಖ ನೋಡುತ್ತ ಕೂತ. ಕರೆದರೆ ಅವಳು ಓಗೊಡದಿದ್ದದ್ದು ಜಂಬದಿಂದಲ್ಲ ಅಂತ ಅವನಿಗೂ ಆಗ ತಿಳಿಯಿತು. ಕೈ ತೊಳೆದು ಎದ್ದುಹೋಗಿ, ನೂಲಿಲ್ಲದ ಯಂತ್ರವನ್ನು ಬಹಳ ಹೊತ್ತು ತುಳಿದ.

ತಂಗಿಗೆ ಮಾತಾಡುವಷ್ಟು ಚೇತರಿಕೆಯಾದ ಮೇಲೆ ಪಿನ್ನಕ್ಕ ಮಂಚದ ಪಕ್ಕ ಕೂತಳು. ಹುಟ್ಟಿದಾಗಿನಿಂದ ನೋಡಿದ ಬಾಯಿ ಅದು. ಅದನ್ನು ಓದುವುದಕ್ಕೆ ಅವಳಿಗೆ ಕಿವಿ ಬೇಕಿರಲಿಲ್ಲ.

"ನಿನ್ನ ಕೂಗು ನನಗೆ ಕೇಳಿಸ್ಲಿಲ್ಲ ಕಣೇ. ಎಂಜಿನ್ ಸದ್ದಿಗಲ್ಲ. ನನಗೆ ಕಿವಿ ಕೇಳಿಸಲ್ಲ."

ತಂಗಿ ಚಾವಣಿ ನೋಡುತ್ತ ಮಲಗಿದ್ದಳು. ಆಮೇಲೆ ಮುಖವನ್ನು ಅಕ್ಕನ ಕಡೆ ತಿರುಗಿಸಿದಳು, ಕಾಣಲಿ ಅಂತ. "ಗೊತ್ತು" ಅಂದಳು.

"ಯಾವತ್ತಿಂದ?"

"ಬೀಗ ಅಂದದ್ದು ನಿನಗೆ ಬೀಜ ಆಯ್ತಲ್ಲ, ಅವತ್ತಿಂದ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ? ಊರಿಗೆಲ್ಲ ಹೇಳೋಳು ನೀನು."

"ಹೇಳಿದ್ರೆ ನೀನು ಟ್ರ್ಯಾಕ್ಟರಿಂದ ಇಳೀಬೇಕಿತ್ತು. ಇಳಿದು ಏನ್ಮಾಡ್ತೀಯ ಅಂತ ನನಗೆ ತೋಚಲಿಲ್ಲ. ನಾನಿದ್ದೀನಲ್ಲ, ಸಂಭಾಳಿಸ್ತೀನಿ ಅಂದ್ಕೊಂಡೆ." ಅವಳ ತುಟಿ ಒಣಗಿತ್ತು, ಪಿನ್ನಕ್ಕ ನೀರು ಮುಟ್ಟಿಸಿದಳು. "ನಿನಗೆ ಕೇಳಿಸಲ್ಲ ಅಂತ ಗೊತ್ತಿದ್ದೂ ಕೂಗಿದೆ ನೋಡು. ಆ ಹೊತ್ತಿಗೆ ಅಷ್ಟೇ ಬಂತು ಬಾಯಿಗೆ."

ಇಬ್ಬರೂ ಅಳಲಿಲ್ಲ. ಅಳುವುದಾದರೆ ಯಾರು ಯಾರನ್ನು ಸಮಾಧಾನ ಮಾಡಬೇಕು ಅನ್ನುವುದು ಇಬ್ಬರಿಗೂ ತಿಳಿಯಲಿಲ್ಲ.

ಮರುದಿನ ಪಿನ್ನಕ್ಕ ಮ್ಯಾನೇಜರ ಕೋಣೆಗೆ ಹೋಗಿ ಕೀಲಿಯನ್ನು ಮೇಜಿನ ಮೇಲಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರಿಗೆ ಇದು ಬೇಕಿರಲಿಲ್ಲ. ಮುಗಿದ ವಿಚಾರಣೆ ಮತ್ತೆ ಯಾಕೆ ತೆರೆಯಬೇಕು, ಯಾರಿಗೆ ಲಾಭ ಅಂದರು. ಹೊರಗೆ ಹೇಳಬೇಡಿ ಅಂತಲೂ ಅಂದರು. ಅವಳನ್ನು ಚೀಲದ ಗೋದಾಮಿಗೆ ಹಾಕಿದರು. ಟ್ರ್ಯಾಕ್ಟರಿಗೆ ಹೊರಗಿನಿಂದ ಒಬ್ಬ ಚಾಲಕ ಬಂದ. ಒಳ್ಳೆಯವನೇ, ನಗುಮುಖದವನು, ಕೆಲಸದಲ್ಲಿ ಚುರುಕು.

ಗೋದಾಮಿನ ಬಾಗಿಲಿನಿಂದ ಶೆಡ್ಡಿನ ಅಂಗಳ ಕಾಣುತ್ತದೆ. ಅವನು ಕೂರಿಗೆಯನ್ನು ಹೊರಗೆ ಎಳೆದ ಮೊದಲ ದಿನವೇ ಅವಳು ನೋಡಿದಳು. ರೆಕ್ಕೆಗಳಿಗೆ ಪಿನ್ನಿಲ್ಲ. ಕೊಂಡಿಗೆ ಕ್ಲಿಪ್ಪಿನ ಬದಲು ಬಾಗಿಸಿದ ಮೊಳೆ. ಒಬ್ಬ ಆಳು ಎತ್ತಿದ ರೆಕ್ಕೆಯ ಕೆಳಗೆ ಆರಾಮಾಗಿ ಕೂತು ಏನೋ ತಿನ್ನುತ್ತಿದ್ದ. ಅವಳು ಬಾಗಿಲಿಗೆ ಬಂದು ಕೂಗಿದಳು. ಎಷ್ಟು ಜೋರಾಗಿ ಕೂಗಿದಳೋ ಅವಳಿಗೆ ಗೊತ್ತಾಗಲಿಲ್ಲ, ತನ್ನ ದನಿ ತನಗೇ ಎದೆಯಲ್ಲಿ ಒಂದು ನಡುಕ ಅಷ್ಟೆ. ಚೀಲ ಹೊಲಿಯುವ ಹೆಂಗಸರು ಬೆಚ್ಚಿ ತಿರುಗಿ ನೋಡಿದರು. ಚಾಲಕ ನಕ್ಕು ಕೈ ಬೀಸಿದ, ನಮಸ್ಕಾರ ಹೇಳಿದಳು ಅಂದುಕೊಂಡಿರಬೇಕು. ಆಮೇಲೆ ಅವನ ಹತ್ತಿರ ಹೋಗಿ ಹೇಳಿದಳು. ಅವನು ಗೌರವದಿಂದ ತಲೆಯಾಡಿಸಿದ, ಏನೋ ಉತ್ತರ ಕೊಟ್ಟ, ಅದು ಅವಳಿಗೆ ತಿಳಿಯಲಿಲ್ಲ. ಮೆಕ್ಯಾನಿಕ್ಕಿಗೆ ಹೇಳಿದಳು. ಮೆಕ್ಯಾನಿಕ್ಕು ನೆಲ ನೋಡಿದ. ಪಿನ್ನು ಪಿನ್ನು ಅಂತ ನೀನು ಹಾಕಿಯೂ ಏನಾಯಿತು ಅನ್ನುವ ಮಾತು ಅವನ ಬಾಯಲ್ಲಿ ಇತ್ತೋ ಇಲ್ಲವೋ, ಅವಳು ಅದನ್ನೇ ಓದಿಕೊಂಡಳು.

ಆ ಹಂಗಾಮು ಹಾಗೇ ಮುಗಿಯಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಬಿತ್ತನೆ ಬೇಗ ಮುಗಿಯಿತು ಅಂತ ಮ್ಯಾನೇಜರು ಹೊಸಬನ ಬೆನ್ನು ತಟ್ಟಿದರು. ಬೆಳೆ ಒಂದು ಸಾಲೂ ತಪ್ಪದೆ ಬಂತು.

ದರ್ಜಿ ಅವಳನ್ನು ಪೇಟೆಯ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದ. ಅವರು ಒಂದು ಚಿಕ್ಕ ಯಂತ್ರ ಕೊಟ್ಟರು. ಅದನ್ನು ಹಾಕಿಕೊಂಡರೆ ಪಾತ್ರೆ, ಬಾಗಿಲು, ಚಪ್ಪಲಿ ಎಲ್ಲವೂ ಒಟ್ಟಿಗೆ ತಲೆಯೊಳಗೆ ನುಗ್ಗುತ್ತಿದ್ದವು, ಮಾತು ಮಾತ್ರ ಬರುತ್ತಿರಲಿಲ್ಲ. ಸ್ವಲ್ಪ ದಿನ ಹಾಕಿ ನೋಡಿ ಡಬ್ಬಿಯಲ್ಲಿಟ್ಟಳು.

ತಂಗಿ ಊರುಗೋಲು ಹಿಡಿದು ಮನೆಗೆ ಬಂದಳು. ಕೂತಲ್ಲೇ ಭಾವನಿಗೆ ಗುಂಡಿ ಹಾಕಿಕೊಡುವುದು, ಅಂಚು ಮಡಚುವುದು ಅವಳ ಕೆಲಸವಾಯಿತು. ಕೆಲವು ದಿನ ಅಕ್ಕನ ಕೈ ಹಿಡಿದು ತಿರುಗಿಸಿಕೊಂಡು, ಎದುರಿಗೆ ಕೂರಿಸಿಕೊಂಡು, ಹಳೆಯ ಹಾಗೆ ಜಮೀನಿನವರ ಪಂಚಾಯಿತಿಯನ್ನೆಲ್ಲ ಹೇಳುತ್ತಿದ್ದಳು. ಆದರೆ ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದ ಹರಟೆಗೆ ರುಚಿಯೆಲ್ಲಿ? ನಗುವ ಜಾಗಕ್ಕೆ ಬರುವಷ್ಟರಲ್ಲಿ ಇಬ್ಬರೂ ದಣಿದಿರುತ್ತಿದ್ದರು. ಬರಬರುತ್ತ ಹೇಳುವುದು ಕಡಿಮೆಯಾಯಿತು, ಊಟ, ನೀರು, ಔಷಧ ಇಷ್ಟಕ್ಕೆ ಬಂದು ನಿಂತಿತು. ಯಾರ ಮೇಲೂ ಯಾರಿಗೂ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಒಂದು ದಿನ ಅದು ಇಳಿಯುತ್ತಿತ್ತು.

ಈಗ ಗೋದಾಮಿನಿಂದ ಸಂಜೆ ಮನೆಗೆ ಬಂದರೆ ಕಿಟಕಿಯ ಹತ್ತಿರ ಗಂಡ, ತಂಗಿ ಇಬ್ಬರೂ ತಲೆ ಬಗ್ಗಿಸಿ ಹೊಲಿಯುತ್ತಿರುತ್ತಾರೆ. ಅವಳು ಒಲೆಯ ಮುಂದೆ ಕೂತು ಅಡುಗೆಗೆ ತೊಡಗುತ್ತಾಳೆ. ಕೆಲವು ಸಲ ತಂಗಿಯ ಬಾಯಿ ಆಡುತ್ತದೆ, ದರ್ಜಿಯ ಹೆಗಲು ನಗುವಿಗೆ ಕುಲುಕುತ್ತದೆ. ಅವಳು ಕೈಯಲ್ಲಿದ್ದದ್ದನ್ನು ಬಿಟ್ಟು ಹತ್ತಿರ ಹೋಗಿ ನಿಲ್ಲುತ್ತಾಳೆ, ಏನು ಅಂತ ಹುಬ್ಬೇರಿಸುತ್ತಾಳೆ. ತಂಗಿ ತಲೆಯೆತ್ತಿ, ಮುಖವನ್ನು ಬೆಳಕಿಗೆ ತಿರುಗಿಸಿ, ಅವಳಿಗೆ ತಿಳಿಯುವ ಹಾಗೆ ತುಟಿ ಬಿಡಿಸಿ ಹೇಳುತ್ತಾಳೆ. "ಏನಿಲ್ಲ ಅಕ್ಕ."

ಅವಳು ತಲೆಯಾಡಿಸಿ ಒಲೆಯ ಕಡೆ ಹೋಗುತ್ತಾಳೆ.